ತುಂಬಿಸಿ ಕೊಟ್ಟ ಬಟ್ಟಲು

ಅತ್ತೆ ಸೊಸೆ ಒಣಗಿಸಿಡಲು ಗಟ್ಟಿ ಮೊಸರಿನ ಕುರುತ್ ಉಂಡೆ ಕಟ್ಟುತ್ತಿದ್ದರು. "ಅತ್ತೆ, ನಾಳೆ ಮಕ್ಕಳ ಕೈಲಿ ಕಥೆ ಬರೆಸೋಕೆ ಒಂದು ಆಟ ಮಾಡಿದೀನಿ," ಎಂದಳು ಶಾಲೆ ಟೀಚರಾಗಿದ್ದ ಸೊಸೆ ನುರ್ಜಾತ್. "ಮನೆಯ ಒಂದು ವಸ್ತುವಿಗೆ ಬಾಯಿ ಬಂದ್ರೆ ಯಾರನ್ನ ಬೈಯುತ್ತೆ? ಮೊದಲು ನೀವು ಹೇಳಿ."

ಅತ್ತೆ ಬತ್ಮಾ ಕೈಯಲ್ಲಿದ್ದ ಉಂಡೆಯನ್ನು ಹಿಚುಕಿದಳು. "ಆ ನೀಲಿ ಚಹಾ ಬಟ್ಟಲು, ನನ್ನ ತಂಗೀನ! ಅಮ್ಮ ಸತ್ತ ಏಳನೇ ದಿನ ಚಹಾ ಮುಟ್ಟದೆ ಎದ್ದು ಹೋದ್ಲಲ್ಲ, ಸೊಕ್ಕಿನವಳು. ನಾಲ್ಕು ವರ್ಷ ಹೊಸ್ತಿಲು ತುಳಿದಿಲ್ಲ."

"ಅದು ನಿಮ್ಮ ಮಾತು. ಬಟ್ಟಲು ಏನನ್ನುತ್ತೆ?"

"'ಅಂಚಿನ ತನಕ ತುಂಬಿಸ್ಕೊಂಡು ನಿನ್ನ ಮುಂದೆ ಕೂತಿದ್ದೆ, ಒಂದು ಗುಟುಕೂ ಕುಡೀಲಿಲ್ಲ...'" ಬತ್ಮಾ ಉಂಡೆಯನ್ನು ಕೆಳಗಿಟ್ಟಳು. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು ಚಹಾ ಕೊಡುತ್ತೇವೆ. ಅಂಚಿನ ತನಕ ತುಂಬಿಸಿದರೆ, ಕುಡಿದು ಎದ್ದು ಹೋಗು ಎಂದರ್ಥ.

"ತುಂಬಿಸಿದ್ದು ಯಾರು ಅತ್ತೆ?"

"ನಾನೇ ಕಣೆ! ಬೇಕೂಂತ್ಲೇ ತುಂಬಿಸ್ದೆ. ಅಮ್ಮ ಹಾಸಿಗೆ ಹಿಡಿದಾಗ ಬಂದಿದ್ಲಾ ಅವಳು?"

ನಾಲ್ಕು ವರ್ಷದಿಂದ ತಂಗಿಯ ಹೆಸರನ್ನಷ್ಟೇ ಹೊತ್ತಿದ್ದ ಕಾಗದವನ್ನು ಬತ್ಮಾ ಪೆಟ್ಟಿಗೆಯಿಂದ ಎಳೆದು, ಕೆಳಗೆ ಬರೆದಳು: "ಬಟ್ಟಲು ನನ್ನನ್ನೇ ಬೈಯುತ್ತಿದೆ. ನನ್ನ ಸಿಟ್ಟೂ ಇಳಿದಿಲ್ಲ. ಬಂದು ಜಗಳವಾಡು. ಅರ್ಧವೇ ಬಗ್ಗಿಸುತ್ತೇನೆ." ಮೊಸರಿನ ಕೈಯಲ್ಲೇ ಬೀದಿಗೆ ಓಡಿ, ತಂಗಿಯಿದ್ದ ಓಶ್ ಪಟ್ಟಣದ ಕಡೆ ಹೊರಟಿದ್ದ ವ್ಯಾನಿನ ಡ್ರೈವರ್ ಕೈಗೆ ಅದನ್ನು ತುರುಕಿದಳು.