ಕರೆದರೂ ಕೇಳಿಸಿಕೊಳ್ಳದ ಪ್ರೋಗ್ರಾಂ

ವಿಜಯಪುರದ ರೆಹಾನಾ ಬಾಗವಾನ ಒಳ್ಳೆಯ ಪ್ರೋಗ್ರಾಮರ್.
ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ, ಪಠ್ಯಪುಸ್ತಕವನ್ನು ಆಡಿಯೋ ಮಾಡುವ ಸಾಫ್ಟ್‌ವೇರ್ ಬರೆಯುತ್ತಿದ್ದಳು.

ಓದುವ ಕೆಲಸ ಅವಳ ಪ್ರೋಗ್ರಾಂನದ್ದಲ್ಲ... ಅದಕ್ಕೆಂದೇ ಕಂಪ್ಯೂಟರಿನಲ್ಲಿ ಇನ್ನೊಂದು ಪುಟ್ಟ ಪ್ರೋಗ್ರಾಂ ಇತ್ತು. ಒಂದು ಸಾಲಿನ ಕಮಾಂಡ್ ಕೊಟ್ಟರೆ ಸಾಕು, ಪರದೆಯ ಹಿಂದೆ ಕೆಲಸ ಶುರು.

ಅದನ್ನು ಕರೆಯಬೇಕು, ಪಾಠ ಕೊಡಬೇಕು, ಮುಗಿಯುವವರೆಗೆ ಕಾಯಬೇಕು. ಅಷ್ಟೇ.

ಆದರೆ ಎಷ್ಟೋ ಸಲ ಅರ್ಧಕ್ಕೇ ಎಲ್ಲ ನಿಂತುಬಿಡುತ್ತಿತ್ತು!

ಪರೀಕ್ಷೆ ಹತ್ತಿರ ಬಂದಿತ್ತು. ಸಾಫ್ಟ್‌ವೇರ್ ಬಳಸಿ ನೋಡಲು ಬಂದಿದ್ದ ಬಿ.ಎ. ವಿದ್ಯಾರ್ಥಿನಿ ಕಸ್ತೂರಿ ಪಕ್ಕದಲ್ಲೇ ಕೂತಿದ್ದಳು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು.

"ಅಕ್ಕಾರ, ಒಂದ್ ಮಾತು..."

"ತಡಿ ಕಸ್ತೂರಿ, ಕೆಲಸದಾಗ ಇದ್ದೀನಿ."

"ಅಲ್ರಿ ಅಕ್ಕಾರ..."

"ತಡಿ ಅಂದ್ನೆಲ್ಲ! ಈ ಹೊರಗಿನ ಪ್ರೋಗ್ರಾಂ ನಂಬಿದ್ದ ತಪ್ಪಾತು. ಕಿತ್ತು ಒಗದು ಎಲ್ಲಾ ನಾನ ಬರೀತೀನಿ."

ಅದಕ್ಕೆ ತಿಂಗಳುಗಟ್ಟಲೆ ಬೇಕು... ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಈ ಸಲ ಕಸ್ತೂರಿ ಬಿಡಲಿಲ್ಲ.

"ಪರೀಕ್ಷಾ ನಂದೈತ್ರಿ ಅಕ್ಕಾರ, ನನ್ನ ಮಾತ್ ಕೇಳ್ರಿ. ಸಣ್ಣ ಪಾಠ ಪೂರಾ ಓದತೈತಿ. ಉದ್ದನ್ನ ಪಾಠ ಕೊಟ್ಟಾಗ ಅಷ್ಟ ನಿಂದರತೈತಿ."

ರೆಹಾನಾ ತಿರುಗಿ ನೋಡಿದಳು. "ಯಾವಾಗ ಗೊತ್ತಾತು?"

"ಮುಂಜಾನೇನ ಗೊತ್ತಾತ್ರಿ... ನೀವ ಕೇಳ್ಲಿಲ್ಲ."

ರೆಹಾನಾಳ ಮುಖ ಸಪ್ಪಗಾಯಿತು... ಆದರೆ ತಪ್ಪು ಎಲ್ಲಿದೆ ಎಂದು ಆ ಕ್ಷಣವೇ ಹೊಳೆಯಿತು.

ಓದುವ ಪ್ರೋಗ್ರಾಂ "ಈ ಸಾಲು ಆಯಿತು, ಆ ಸಾಲು ಆಯಿತು" ಎಂದು ವರದಿ ಕಳಿಸುತ್ತಲೇ ಇತ್ತು. ಅವಳ ಪ್ರೋಗ್ರಾಂ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ!

ಪಾಠ ಉದ್ದವಾದರೆ ವರದಿಗಳು ತುಂಬಿ, ಹೊಸದಕ್ಕೆ ಜಾಗವಿಲ್ಲದೆ ಓದುವ ಪ್ರೋಗ್ರಾಂ ನಿಲ್ಲುತ್ತಿತ್ತು. ರೆಹಾನಾಳ ಪ್ರೋಗ್ರಾಂ ಓದು ಮುಗಿಯಲಿ ಎಂದು ಕಾಯುತ್ತಿತ್ತು... ಓದುವ ಪ್ರೋಗ್ರಾಂ ತನ್ನ ವರದಿ ಕೇಳಲಿ ಎಂದು ಕಾಯುತ್ತಿತ್ತು.

ರೆಹಾನಾ ವರದಿಗಳನ್ನು ಆಗಿಂದಾಗಲೇ ಓದಿಕೊಳ್ಳುವಂತೆ ಪ್ರೋಗ್ರಾಂ ತಿದ್ದಿದಳು. ಇತಿಹಾಸದ ಅತಿ ಉದ್ದದ ಪಾಠ ಎಲ್ಲೂ ತಡೆಯದೆ ಕೊನೆ ಮುಟ್ಟಿತು. ಆಡಿಯೋ ಹಚ್ಚಿದಳು...

ಕಸ್ತೂರಿಯನ್ನು ಕರೆದೊಯ್ಯಲು ಬಂದ ಅವಳ ತಾಯಿ ನೀಲವ್ವ ಬಾಗಿಲಲ್ಲೇ ನಿಂತರು. ಇಷ್ಟು ವರ್ಷ ಖಾನಾವಳಿಯ ಕೆಲಸ ಮುಗಿಸಿ, ಗಂಟಲು ಕಟ್ಟುವವರೆಗೆ ಮಗಳಿಗೆ ಓದಿ ಹೇಳುತ್ತಿದ್ದವರು ಅವರೇ.

"ಇವತ್ತ ನಾನೂ ನಿನ್ನ ಬಾಜೂಕ ಕುಂತು ಕೇಳ್ತೀನವಾ..."

ಮಗಳ ಕೈ ಹಿಡಿದು ಕೂತರು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಕಸ್ತೂರಿ, ಇನ್ನ ಮ್ಯಾಲ ನೀ ಹೇಳು, ನಾ ಕೇಳ್ತೀನಿ" ಎಂದಳು ರೆಹಾನಾ.

"ಹಂಗಾರ ಕೇಳ್ರಿ... ಓದೂದು ಭಾಳ ಗಡಿಬಿಡಿ ಆತು!"

ಎಲ್ಲರೂ ನಕ್ಕರು. ರೆಹಾನಾ ಅದನ್ನೂ ಸರಿಮಾಡಿದಳು.

ಕಸ್ತೂರಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಇಂದು ಅವಳ ಕಾಲೇಜಿನ ಕಣ್ಣು ಕಾಣದ ಮಕ್ಕಳೆಲ್ಲ ಅದೇ ಸಾಫ್ಟ್‌ವೇರಿನಲ್ಲಿ ಓದುತ್ತಿದ್ದಾರೆ.

ನಾವೇ ನೆರವಿಗೆ ಕರೆದವರ ಮಾತಿಗೆ ಕಿವಿಗೊಟ್ಟರೇನೇ ಕೆಲಸ ದಡ ಸೇರುವುದು.

ನಿಮ್ಮ ಪಕ್ಕದಲ್ಲಿ "ಒಂದ್ ಮಾತು..." ಎನ್ನುತ್ತಾ ಕಾಯುತ್ತಿರುವವರು ಯಾರು?