ಎಡಕ್ಕೆ ಮನೆಯವರು, ಬಲಕ್ಕೆ ಸ್ನೇಹಿತರು

“ನನ್ನ ಮಗಳನ್ನ ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡಿದೀರಿ. ತುಂಬಾ ಉಪಕಾರ ಆಯ್ತು,” ಎಂದು ಕಿಂಟೀನು ಎಲ್ಲರೆದುರು ಅಬೀಲಿಯೊನ ಕೈ ಕುಲುಕಿದ. ಪರ ಊರಿಗೆ ಹೋಗುವಾಗ ನಾಯಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದವರು ವಾಪಸು ಬಂದು ಹೀಗೆಯೇ ಹೇಳುವುದು. “ಅದಕ್ಕೇನಂತೆ, ಬಿಡಿ,” ಎಂದು ಅಬೀಲಿಯೊ ಕೈ ಬಿಡಿಸಿಕೊಂಡ.

ವಿಶ್ವವಿದ್ಯಾಲಯಕ್ಕೆ ಐವತ್ತು ತುಂಬಿದ ಸಂಭ್ರಮದ ವಾರ. ಅಂಗಳದ ತುಂಬ ಬಾವುಟಗಳು, ಹಂದಿಮಾಂಸದ ಬನ್ನಿನ ಘಮ, ಧ್ವನಿವರ್ಧಕದಲ್ಲಿ ಕುಲಪತಿಯ ಮುಗಿಯದ ಭಾಷಣ. ಅದನ್ನು ಕೇಳಲು ಯಾರೂ ಬಂದಿರಲಿಲ್ಲ. ಓದು ಮುಗಿಸಿದವರ ಹೊದಿಕೆ ಹರಿಯುವ ಶಾಸ್ತ್ರವನ್ನೂ ಇದೇ ವಾರಕ್ಕೆ ಇಟ್ಟುಕೊಂಡಿದ್ದರಿಂದ ಪೋರ್ಚುಗಲ್ಲಿನ ಮೂಲೆಮೂಲೆಯಿಂದ ನಂಟರಿಷ್ಟರು ಬಂದಿಳಿದಿದ್ದರು. ವಿದ್ಯಾರ್ಥಿಯಾದವನು ಹೆಗಲ ಮೇಲಿನ ಕರಿಯ ಉಣ್ಣೆಯ ಹೊದಿಕೆಯನ್ನು ಅಗಲಕ್ಕೆ ಹರಡಿಕೊಂಡು ಬೆನ್ನು ತೋರಿಸಿ ನಿಲ್ಲಬೇಕು. ಬೇಕಾದವರು ಹಿಂದಿನಿಂದ ಬಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಆಮೇಲೆ ಕೈಯಲ್ಲಿ ಗೇಣುದ್ದ ಹರಿಯಬೇಕು. ಎಡ ಅಂಚು ಮನೆಯವರದು, ಬಲ ಅಂಚು ಸ್ನೇಹಿತರದು. ಒಬ್ಬರಿಗೆ ಒಂದೇ ಹರುಕು.

ಬೆನೆದೀತಳ ಹೊದಿಕೆಯನ್ನು ಮೊದಲು ಹರಿದವಳು ತಾಯಿ ನೊಯೇಮಿಯಾ. ಆಮೇಲೆ ಕಿಂಟೀನು. ಮಗಳು ಇನ್ನೂ ತೊದಲುತ್ತಿದ್ದಾಗ ಹೆಂಡತಿಯನ್ನೂ ಅವಳನ್ನೂ ಬಿಟ್ಟು ಫ್ರಾನ್ಸಿಗೆ ಹೋದವನು ಇವತ್ತು ಹೊಸ ಕೋಟು ಹಾಕಿಕೊಂಡು ಬಂದಿದ್ದ. ಹರಿದ, ಕಣ್ಣೊರೆಸಿಕೊಂಡ, ಫೋಟೋಗೂ ನಿಂತ. ಪಾಪ, ಆ ಕಣ್ಣೀರು ಸುಳ್ಳೇನಲ್ಲ.

ಅವನ ಹಿಂದೆ ನಿಲ್ಲಬೇಕಾದವನು ಅಬೀಲಿಯೊ. ಹುಡುಗಿಗೆ ಸೈಕಲ್ ಕಲಿಸಿದವನು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವನು, ಅವಳು ವೈದ್ಯಕೀಯ ಸೇರಿದ ಮೇಲೆ ಪುಸ್ತಕ ಹಿಡಿದುಕೊಂಡು ಮೂಳೆಗಳ ಹೆಸರು ಒಪ್ಪಿಸಿಕೊಂಡವನು. ಆದರೆ ನೊಯೇಮಿಯಾಳ ಜೊತೆ ಒಂದೇ ಮನೆಯಲ್ಲಿ ಬಾಳಿದರೂ ಚರ್ಚಿನಲ್ಲಿ ಮದುವೆಯಾದವನಲ್ಲ. ಹುಡುಗಿಯೂ ಅವನನ್ನು ಒಂದು ದಿನ ಅಪ್ಪ ಎಂದವಳಲ್ಲ, ಹೆಸರು ಹಿಡಿದೇ ಕೂಗುವುದು. ಹೆತ್ತ ಅಪ್ಪ ಕಣ್ಣೆದುರಿಗೇ ಇರುವಾಗ ತಾನೂ ಎಡಗಡೆ ಹೋಗಿ ನಿಂತು ಅವಳನ್ನು ಯಾಕೆ ಇಕ್ಕಟ್ಟಿಗೆ ಸಿಕ್ಕಿಸುವುದು? ನಿಲ್ಲಬೇಕೆಂಬ ಆಸೆ ಮಾತ್ರ ಅವನಿಗೆ ಗಂಟಲವರೆಗೆ ಇತ್ತು. ಅದನ್ನು ನುಂಗಿಕೊಂಡು ಮೆಲ್ಲಗೆ ಬಲಗಡೆಗೆ ಸರಿದ.

ಸಾಲಿನ ಮುಂದಿದ್ದವಳು ಬೆನೆದೀತಳ ಗೆಳತಿ ಜಾಸಿಂತಾ. ಅಂಕಲ್‌ಗೆ ಜಾಗ ಬಿಟ್ಟುಕೊಟ್ಟಳು. “ಹಲ್ಲು ಜೋಪಾನ ಅಂಕಲ್, ಉಣ್ಣೆ ದಪ್ಪ ಇದೆ.”

“ನಿನ್ನ ಹಲ್ಲಿಗಿಂತ ಗಟ್ಟಿ ಇದಾವೆ, ಸುಮ್ನಿರೇ,” ಎಂದು ಅಬೀಲಿಯೊ ಬಗ್ಗಿ ಅಂಚು ಕಚ್ಚಿದ.

“ಅಬೀಲಿಯೊ ಎಲ್ಲಿ ಅಮ್ಮಾ?” ಎಂದು ಬೆನೆದೀತ ತಿರುಗದೆಯೇ ತಾಯಿಯನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಬಲಗಡೆ ಪರ್ ಎಂದಿತು. ತಿರುಗಿ ನೋಡಿದವಳ ಮುಖ ಕೆಂಪಾಯಿತು.

“ನೀನು ಇಲ್ಲೇನು ಮಾಡ್ತಿದೀಯ?”

“ಹರಿದೆ.”

“ಅದು ಕಾಣ್ತಿದೆ. ಈ ಕಡೆ ನಿಂತ್ಕೋ ಅಂತ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ. ಈ ಕಡೆ ಸಾಲು ಚಿಕ್ಕದಿತ್ತು.”

ಬಲಗಡೆಯ ಸಾಲು ಗ್ರಂಥಾಲಯದ ಮೆಟ್ಟಿಲು ದಾಟಿ ಕ್ಯಾಂಟೀನಿನವರೆಗೂ ಹೋಗಿತ್ತು. ಎಡಗಡೆ ನರಪಿಳ್ಳೆಯೂ ಇರಲಿಲ್ಲ.

“ಹೋಗ್ಲಿ ಬಿಡೇ,” ಎಂದಳು ಜಾಸಿಂತಾ. “ಹರಿದಿದ್ದು ಹರೀತು. ಒಬ್ಬರಿಗೆ ಒಂದೇ ತಾನೇ?”

“ಹೊಲಿದುಬಿಟ್ರೆ?”

“ಹೊಲಿಯೋದು ಸಂಬಂಧ ಕಡಿದುಕೊಂಡೋರದನ್ನ. ಇವರು ಅಂಥದ್ದೇನು ಮಾಡಿದ್ರು?”

ಬೆನೆದೀತ ತಾಯಿಯ ಮುಂದೆ ಕೈ ಚಾಚಿದಳು. “ಸೂಜಿ ದಾರ ಕೊಡಮ್ಮ.” ನೊಯೇಮಿಯಾ ಒಂದು ಸಲ ಅಬೀಲಿಯೊನ ಕಡೆ, ಒಂದು ಸಲ ಮಗಳ ಕಡೆ ನೋಡಿ, ಚೀಲದಿಂದ ತೆಗೆದುಕೊಟ್ಟಳು.

“ಬಿಡು ಮಗಳೇ,” ಕಿಂಟೀನು ದೊಡ್ಡ ಮನಸ್ಸು ಮಾಡಿ ನಡುವೆ ಬಾಯಿ ಹಾಕಿದ. “ದೊಡ್ಡವರು, ಏನೋ ಗೊತ್ತಾಗದೆ ಮಾಡಿದಾರೆ. ಅಷ್ಟಕ್ಕೆಲ್ಲ ಅವಮಾನ ಮಾಡಬಾರದು.”

ಅವಳು ಮೆಟ್ಟಿಲ ಮೇಲೆ ಕೂತು ಹೊಲಿಯತೊಡಗಿದಳು. ನಾಳೆ ಯಾರ ಯಾರ ಹೊಟ್ಟೆ ಹೊಲಿಯುವವಳೋ, ಒಂದು ಹೊಲಿಗೆಯೂ ನೆಟ್ಟಗಿರಲಿಲ್ಲ. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಧ್ವನಿವರ್ಧಕದಲ್ಲಿ ಕುಲಪತಿ, ನಾವೆಲ್ಲ ಒಂದೇ ಕುಟುಂಬ ಎನ್ನುತ್ತಿದ್ದ. ಅಬೀಲಿಯೊ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ತಪ್ಪು ಮಾಡಿದವನಂತೆ ನಿಂತಿದ್ದ. ಅವನಿಗೆ ಅಳು ಬಂದಂತಾಯಿತು. ಸ್ನೇಹಿತರ ಪೈಕಿಯಾದರೂ ಇದ್ದೆ, ಈಗ ಅದೂ ಹೋಯಿತು ಎಂದುಕೊಂಡ. ಹೋಗಿ ಬಸ್ಸಿನಲ್ಲಿ ಕೂತುಬಿಡೋಣವೆನಿಸಿತು.

ಬೆನೆದೀತ ದಾರ ಕಡಿದು ಎದ್ದು ಬಂದಳು.

“ಮುಗೀತು. ಇನ್ನು ಮೇಲೆ ನಾನೂ ನೀನೂ ಸ್ನೇಹಿತರಲ್ಲ,” ಎಂದು ಎಡಗಡೆಯ ಅಂಚನ್ನು ಎತ್ತಿ ಅವನ ಬಾಯಿಯ ಹತ್ತಿರ ಹಿಡಿದಳು. “ಕಚ್ಚು.”