ಒಂದು ಕೈ ಹೆಚ್ಚು

ಫೋನಿಟ್ಟ ಮೇಲೂ ಹುಚ್ಚಮ್ಮನ ಅಳು ಪ್ರಕಾಶನ ಕಿವಿಯಲ್ಲೇ ಇತ್ತು.

"ನಿಮ್ಮತ್ತೆ ಹೋಗ್ಬಿಟ್ರಪ್ಪ, ರಾತ್ರಿ ಎಂಟಕ್ಕೇ. ಇಷ್ಟೊತ್ತಾದ್ರೂ ಮಗಳು ಬಂದಿಲ್ಲ ಅಂತ ಓಲ್ಡ್ ಟೌನೆಲ್ಲ ಮಾತಾಡ್ತಿದೆ."

ಹುಚ್ಚಮ್ಮ ಭದ್ರಾವತಿಯಲ್ಲಿ ಅತ್ತೆಯ ಪಕ್ಕದ ಮನೆಯವಳು. ಸುಳ್ಳು ಹೇಳುವ ಜೀವವಲ್ಲ.

ಬೆಳಗಿನ ಆರು ಗಂಟೆ. ಸೋಗಾನೆಯ ಆಚೆಯ ಈ ರೆಸಾರ್ಟಿನಲ್ಲಿ ಪಕ್ಷದ ಕಾರ್ಪೊರೇಟರುಗಳನ್ನು ಕೂಡಿಹಾಕಿ ಅಂದಿಗೆ ನಾಲ್ಕನೆಯ ದಿನ. ಎದುರು ಪಕ್ಷದವರು ಸೆಳೆದುಕೊಂಡಾರೆಂದು ಅವರ ಫೋನೆಲ್ಲ ಮುಖಂಡ ನರಸಿಂಹಮೂರ್ತಿಯ ಚೀಲದಲ್ಲಿ. ಮತವಿಲ್ಲದ ಪ್ರಕಾಶನದು ಮಾತ್ರ ಅವನ ಜೇಬಿನಲ್ಲೇ ಇತ್ತು. ಹನ್ನೊಂದಕ್ಕೆ ಪಾಲಿಕೆಯಲ್ಲಿ ಮೇಯರ್ ಚುನಾವಣೆ. ಕೈ ಎತ್ತಿ ಮತ ಹಾಕಬೇಕು. ಈ ಕಡೆಗೆ ಒಂದೇ ಒಂದು ಕೈ ಹೆಚ್ಚು. ಮೇಯರ್ ಆಗಬೇಕಾದವಳು ಪ್ರಕಾಶನ ಹೆಂಡತಿ ಕವನ.

ಭದ್ರಾವತಿ ಅರ್ಧ ಗಂಟೆಯ ದಾರಿ. ಆದರೆ ಹೆಣವಿರುವ ಮನೆಗೆ ಕಾಲಿಟ್ಟ ಮಗಳನ್ನು ಮಣ್ಣಾಗುವವರೆಗೆ ಯಾರೂ ಹೊರಗೆ ಬಿಡುವುದಿಲ್ಲ.

ಕವನ ಸುಲಭಕ್ಕೆ ಇಲ್ಲಿಗೆ ಬಂದವಳಲ್ಲ. ಅವ್ವ ದುರ್ಗಮ್ಮ ಕಾರ್ಖಾನೆ ಗೇಟಿನೆದುರು ಇಡ್ಲಿ ಮಾರಿ ಸಾಕಿದ ಮಗಳು. ತನ್ನ ವಾರ್ಡು ಗೋಪಾಳದ ನಲ್ಲಿ ನೀರಿಗಾಗಿ ಖಾಲಿ ಕೊಡ ಹಿಡಿದು ಪಾಲಿಕೆಯ ಮೆಟ್ಟಿಲ ಮೇಲೆ ಕೂತು ಹೆಸರಾದವಳು. ಎರಡು ಸಲ ಸೋತು, ಮೂರನೆಯ ಸಲ ನಲವತ್ತೊಂದು ಮತಗಳಲ್ಲಿ ಗೆದ್ದಳು. ಮೇಯರ್ ಕುರ್ಚಿಗೆ ಈ ಮೀಸಲಾತಿ ಮತ್ತೊಂದು ಸುತ್ತು ಬರುವಷ್ಟರಲ್ಲಿ ತಲೆ ನರೆತಿರುತ್ತದೆ.

ಪ್ರಕಾಶ ಭಾವಮೈದುನ ಪುನೀತನಿಗೆ ಫೋನ್ ಮಾಡಿದ. ರಾತ್ರಿಯೇ ಯಾಕೆ ತಿಳಿಸಲಿಲ್ಲ ಎಂದು ಕೇಳುವ ಮುಖ ಅವನಿಗಿರಲಿಲ್ಲ.

"ಹನ್ನೆರಡರವರೆಗೆ ಅಕ್ಕನಿಗೆ ಹೇಳ್ಬೇಡ ಕಣೋ. ಕಾಲಿಗೆ ಬೀಳ್ತೀನಿ."

ಮೂಗಿನ ತುದಿಯಲ್ಲೇ ಕೋಪವಿರುವ ಪುನೀತ್ ಬೈಯಲಿಲ್ಲ.

"ಹುಚ್ಚಮ್ಮ ಹೇಳಿದ್ಲಾ?" ಎಂದ. "ಆಯ್ತು ಬಿಡಿ ಭಾವ."

ತಿಂಡಿಯ ಹೊತ್ತಿಗೆ ಕವನ ಗೋಡೆಗೊರಗಿ ಕೂತಿದ್ದಳು. ಪಕ್ಕದ ವಾರ್ಡಿನ ರಕ್ಷಾ ಅವಳ ಮುಂದೆ ಕಾಫಿ ಹಿಡಿದಿದ್ದಳು.

"ಏನ್ ಮಾರಾಯ್ತಿ, ರಾತ್ರಿನೂ ಉಣ್ಲಿಲ್ಲ, ಈಗ ಕಾಫಿನೂ ಬೇಡ್ವಾ? ಕುರ್ಚಿ ನೆನೆಸ್ಕೊಂಡೇ ಹೊಟ್ಟೆ ತುಂಬ್ತಾ?"

"ಸಂಕಟ ಕಣೇ."

"ಹೂವಾದ್ರೂ ಮುಡ್ಕೋ."

"ತಲೆನೋವು."

ಅತ್ತೆ ಹಾಸಿಗೆ ಹಿಡಿದು ತಿಂಗಳಾಗಿತ್ತು. ಮೂರು ದಿನವೂ ಎದ್ದ ಕೂಡಲೇ ಅವ್ವ ಹೇಗಿದ್ದಾಳಂತೆ ಎಂದು ಕೇಳುತ್ತಿದ್ದವಳು ಇವತ್ತು ಕೇಳಲಿಲ್ಲ. ಕೇಳದಿರುವುದೇ ಪ್ರಕಾಶನನ್ನು ಚುಚ್ಚಿತು.

"ಅತ್ತೆ ಗಂಜಿ ಕುಡಿದ್ರಂತೆ," ಎಂದ ತಾನಾಗಿಯೇ.

ಕವನ ಅವನನ್ನೇ ದಿಟ್ಟಿಸಿದಳು. ಅಷ್ಟು ಹೊತ್ತು ಅವಳು ಗಂಡನ ಮುಖ ನೋಡಿದ್ದು ಮದುವೆಯಾದ ಹೊಸತರಲ್ಲಿರಬೇಕು.

"ಹೌದಾ? ಒಳ್ಳೇದಾಯ್ತು."

ದಾರಿಯಲ್ಲಿ ದೇವಸ್ಥಾನದ ಮುಂದೆ ಬಸ್ಸು ನಿಂತಿತು. ಎಲ್ಲರೂ ಇಳಿದರು, ಕವನ ಇಳಿಯಲಿಲ್ಲ. "ಹೊರಗಾಗಿದ್ದಾಳಂತೆ," ಎಂದು ರಕ್ಷಾ ಪಿಸುಗುಟ್ಟಿದಳು. ಹೋದ ಸಲದಿಂದ ಹದಿನೈದು ದಿನವೂ ಆಗಿರಲಿಲ್ಲವಲ್ಲ ಎಂದು ಪ್ರಕಾಶನಿಗೆ ಹೊಳೆಯಿತು. ಗಾಬರಿಗೆ ಹೀಗೂ ಆಗುತ್ತದೆ ಎಂದುಕೊಂಡ. ಸಾವಿನ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಅವನೂ ಹೊಸ್ತಿಲು ದಾಟಲಾರದೆ ಹೊರಗೇ ನಿಂತ.

"ದೇವರ ಮೇಲೆ ಯಾಕಪ್ಪ ಮುನಿಸು?" ಎಂದು ನರಸಿಂಹಮೂರ್ತಿ ನಕ್ಕರು. "ಇನ್ನು ಮೇಲೆ ನೀನು ಮೇಯರಮ್ಮನ ಗಂಡ. ಚೂರು ನಗು ಮಾರಾಯ."

ಹನ್ನೊಂದೂವರೆಗೆ ಸಭಾಂಗಣದಲ್ಲಿ ಕೈಗಳು ಎದ್ದವು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಒಂದು ಕೈ ಹೆಚ್ಚು.

ಕೆಂಪು ಗೌನು ತೊಟ್ಟ ಕವನ ನಗಲಿಲ್ಲ. ಬಂದ ಹಾರಗಳನ್ನೆಲ್ಲ ಕೈಯಲ್ಲೇ ತೆಗೆದುಕೊಂಡಳು, ಕೊರಳಿಗೆ ಹಾಕಲು ಬಿಡಲಿಲ್ಲ. ಎಂಥ ವಿನಯ ಎಂದು ಜನ ಮೆಚ್ಚಿದರು. ಪಟಾಕಿ ಸಿಡಿಯಿತು.

ಹೊರಗೆ ಮೆರವಣಿಗೆಗೆ ಜೀಪು ಅಲಂಕರಿಸಿ ನಿಲ್ಲಿಸಿದ್ದರು. ಪ್ರಕಾಶ ಹೆಂಡತಿಯನ್ನು ಹಿಂದಿನ ಬಾಗಿಲಿಂದ ಕರೆತಂದು ಕಾರು ಹತ್ತಿಸಿದ. "ಭದ್ರಾವತಿಗೆ ಬಿಡು," ಎಂದ ಡ್ರೈವರ್ ಸಿದ್ದುಗೆ. ಯಾಕೆಂದು ಕವನ ಕೇಳಲಿಲ್ಲ. ಗೌನು ಬಿಚ್ಚಿ ಮಡಚಿ, ಸೀಟಿನ ಮೇಲಿಟ್ಟಳು.

ಊರು ದಾಟಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಕವನ, ಅತ್ತೆ ಹೋಗ್ಬಿಟ್ರು. ನಿನ್ನೆ ರಾತ್ರೀನೇ. ಬೆಳಿಗ್ಗೇನೇ ಗೊತ್ತಿತ್ತು ನಂಗೆ, ಮುಚ್ಚಿಟ್ಟೆ. ನನ್ನಂಥ ಪಾಪಿ ಇಲ್ಲ ಕಣೆ, ಹೊಡಿ ನನ್ನ." ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ.

ಕವನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನಿನ್ನೆ ರಾತ್ರಿ ರೆಸಾರ್ಟಿನ ಅಡಿಗೆಯವಳ ಫೋನಿಂದ ನಾನೇ ಪುನೀತನ ಹತ್ರ ಮಾತಾಡ್ದೆ ರೀ. ಫ್ರೀಜರ್ ಬಾಕ್ಸ್ ತರ್ಸು, ಭಾವನಿಗೆ ಮಾತ್ರ ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡೆ. ನೀವು ಒಳ್ಳೆಯೋರು, ಗೊತ್ತಾದ್ರೆ ನನ್ನ ಎಳ್ಕೊಂಡಾದ್ರೂ ಹೋಗ್ತೀರ ಅಂದ್ಕೊಂಡಿದ್ದೆ."